ಕರಗದ ಜಿರ್ಕಾನ್ ಮತ್ತು ಐದು ತಿಂಗಳ ಕಾಯುವಿಕೆ: ನ್ಯೂಟ್ರಾನ್ ಆಕ್ಟಿವೇಶನ್ ಸೇವೆಯ ವಿಮರ್ಶೆ

ಮಣ್ಣು, ಕಲ್ಲು, ಮಡಕೆ ಚೂರು, ಕೂದಲು, ಕಾಳುಕಡ್ಡಿ ಹೀಗೆ ಯಾವುದನ್ನೇ ಕೊಟ್ಟರೂ ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆದು ವರದಿ ಕೊಡುವ ಪ್ರಯೋಗಾಲಯಗಳು ಈಗ ಬೆಂಗಳೂರಿನಲ್ಲೇ ಹಲವಿವೆ. ಅವುಗಳಲ್ಲಿ ಬಹುಪಾಲು ಮಾದರಿಯನ್ನು ಆಮ್ಲದಲ್ಲಿ ಕರಗಿಸಿ ಆ ದ್ರಾವಣವನ್ನು ಯಂತ್ರಕ್ಕೆ ಉಣಿಸುತ್ತವೆ. ನಾನು ಇಲ್ಲಿ ವಿಮರ್ಶಿಸುತ್ತಿರುವ ಸೇವೆ ಆ ಬಗೆಯದಲ್ಲ. ಇದರಲ್ಲಿ ಮಾದರಿಯನ್ನು ಕರಗಿಸುವುದೇ ಇಲ್ಲ. ಪುಡಿಯನ್ನು ಇದ್ದ ಹಾಗೆಯೇ ಪರಮಾಣು ರಿಯಾಕ್ಟರಿನೊಳಗೆ ಇಳಿಸಿ, ನ್ಯೂಟ್ರಾನುಗಳಿಗೆ ಒಡ್ಡಿ, ಅದರಿಂದ ಆಮೇಲೆ ಹೊರಬರುವ ಗಾಮಾ ಕಿರಣಗಳನ್ನು ಎಣಿಸಿ ಧಾತುಗಳ ಪ್ರಮಾಣವನ್ನು ಹೇಳುತ್ತಾರೆ. ನ್ಯೂಟ್ರಾನ್ ಆಕ್ಟಿವೇಶನ್ ವಿಶ್ಲೇಷಣೆ ಎಂಬುದು ಇದರ ಹೆಸರು. ಕಳೆದ ವರ್ಷ 50 ಮಾದರಿಗಳನ್ನು ಈ ಸೇವೆಗೆ ಕೊಟ್ಟು ವರದಿ ಪಡೆದ ಅನುಭವವನ್ನು, ಮುಂದೆ ಇದೇ ದಾರಿ ಹಿಡಿಯಬಯಸುವ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ. ಕೆಲವು ಆಕ್ಷೇಪಣೆಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಹೇಳುತ್ತಿಲ್ಲ. ನನ್ನ ಮಾತು ಸೇವೆಯ ಬಗೆಗೇ ಹೊರತು ಅಲ್ಲಿ ದುಡಿಯುವ ವ್ಯಕ್ತಿಗಳ ಬಗೆಗಲ್ಲ.

ನನ್ನ ಪ್ರಶ್ನೆ ಸರಳವಾಗಿತ್ತು. ತುಮಕೂರು ಜಿಲ್ಲೆಯ ಗ್ರಾನೈಟ್ ಬೆಟ್ಟಗಳ ನಡುವಿನ ಒಂದು ಹಾಳೂರ ದಿಬ್ಬದಲ್ಲಿ ದೊರೆತ ಬೋಕಿಗಳು, ಅಂದರೆ ಮಡಕೆ ಚೂರುಗಳು, ಆ ಊರಿನ ಕೆರೆ ಮಣ್ಣಿನಿಂದಲೇ ಮಾಡಿದವೋ, ಇಲ್ಲವೇ ಪಶ್ಚಿಮದ ಕಡೆಯಿಂದ ಬಂದವೋ ಎಂಬುದು ತಿಳಿಯಬೇಕಿತ್ತು. ಈ ಪ್ರಶ್ನೆಗೆ ಉತ್ತರ ಸಿಗಬಹುದೆಂಬ ಭರವಸೆಗೆ ನಮ್ಮ ನೆಲದ ರಚನೆಯೇ ಕಾರಣ. ರಾಮನಗರದಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳ ಮೂಲಕ ಹಾಯುವ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲು ಒಂದು ಕಡೆ. ಅದರ ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿ, ಹೊಸದುರ್ಗ, ಚಿತ್ರದುರ್ಗಗಳ ಮೇಲೆ ಹಾದುಹೋಗುವ ಶಿಸ್ಟ್ ಶಿಲೆಗಳ ಪಟ್ಟಿ ಇನ್ನೊಂದು ಕಡೆ. ಗ್ರಾನೈಟು ಸವೆದು ಆದ ಮಣ್ಣಿನಲ್ಲಿ ಥೋರಿಯಂ, ಲ್ಯಾಂಥನಂ, ಹಾಫ್ನಿಯಂ, ರುಬಿಡಿಯಂಗಳು ಹೆಚ್ಚು. ಶಿಸ್ಟ್ ಪಟ್ಟಿಯ ಕಪ್ಪು ಶಿಲೆಗಳಿಂದ ಬಂದ ಮಣ್ಣಿನಲ್ಲಿ ಕ್ರೋಮಿಯಂ, ಕೋಬಾಲ್ಟ್, ಸ್ಕ್ಯಾಂಡಿಯಂಗಳು ಹೆಚ್ಚು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ ಕ್ರೋಮೈಟ್ ಗಣಿಗಳೇ ಇವೆ ಎಂಬುದನ್ನು ನೆನೆದರೆ ಎರಡನೆಯ ಬಗೆಯ ನೆಲದ ಸ್ವಭಾವ ಅರ್ಥವಾಗುತ್ತದೆ. ಇವೆಲ್ಲವೂ ಲೇಶಧಾತುಗಳು, ಅಂದರೆ ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಕೆಲವೇ ಭಾಗಗಳಷ್ಟು, ಹೆಚ್ಚೆಂದರೆ ಕೆಲವು ನೂರು ಭಾಗಗಳಷ್ಟು ಇರುವಂಥವು. ಭೂಮಿಯ ಮೇಲ್ಚಿಪ್ಪಿನ ಸರಾಸರಿ ತೆಗೆದರೆ ಹಾಫ್ನಿಯಂ ಸುಮಾರು 5 ಪಿಪಿಎಂ (ಅಂದರೆ ಹತ್ತು ಲಕ್ಷಕ್ಕೆ 5 ಭಾಗ), ಥೋರಿಯಂ ಸುಮಾರು 10, ಸ್ಕ್ಯಾಂಡಿಯಂ 14, ಕ್ರೋಮಿಯಂ 90ರ ಆಸುಪಾಸು. ಮಡಕೆಯನ್ನು ಸುಟ್ಟಾಗ ಅದರ ಬಣ್ಣ ಬದಲಾಗುತ್ತದೆ, ಜೇಡಿಯ ಖನಿಜಗಳು ಮಾರ್ಪಡುತ್ತವೆ. ಈ ಧಾತುಗಳು ಮಾತ್ರ ಇದ್ದಲ್ಲೇ ಉಳಿಯುತ್ತವೆ. ಮಣ್ಣಿನ ಊರು ಯಾವುದೆಂಬುದಕ್ಕೆ ಅವೇ ಸಾಕ್ಷಿ.

ಮೊದಲು ನಾನು ಹೋದದ್ದು ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್ ಎಂಬ, ಧಾತುಗಳನ್ನು ಪರಮಾಣುವಿನ ತೂಕದಿಂದ ಗುರುತಿಸುವ ಯಂತ್ರದಲ್ಲಿ ಅಳೆಯುವ ಒಂದು ಖಾಸಗಿ ಪ್ರಯೋಗಾಲಯಕ್ಕೆ. ಹತ್ತು ದಿನಗಳಲ್ಲಿ ವರದಿ ಬಂತು, ನೋಡಲು ಅಚ್ಚುಕಟ್ಟಾಗಿಯೂ ಇತ್ತು. ಆದರೆ ಗ್ರಾನೈಟ್ ಸೀಮೆಯ ಕೆರೆ ಮಣ್ಣಿನಲ್ಲಿ ಹಾಫ್ನಿಯಂ ಇರಬೇಕಾದಷ್ಟು ಇರಲಿಲ್ಲ. ಒಂದೇ ಮಣ್ಣಿನ ಎರಡು ಪೊಟ್ಟಣಗಳಿಗೆ ಬೇರೆ ಬೇರೆ ಅಂಕಿ ಬಂದಿತ್ತು. ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಗ್ರಾನೈಟಿನಲ್ಲಿ ಹಾಫ್ನಿಯಂ ಬಹುಮಟ್ಟಿಗೆ ಜಿರ್ಕಾನ್ ಎಂಬ ಖನಿಜದ ಕಣಗಳೊಳಗೆ ಅಡಗಿರುತ್ತದೆ, ಮತ್ತು ಜಿರ್ಕಾನ್ ಹಠಮಾರಿ ಖನಿಜ. ತೆರೆದ ಪಾತ್ರೆಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಹಾಕಿ ಕುದಿಸಿದರೂ ಅದು ಪೂರ್ತಿ ಕರಗದೆ ತಳದಲ್ಲಿ ಉಳಿದುಬಿಡುತ್ತದೆ. ಉಳಿದದ್ದು ಯಂತ್ರಕ್ಕೆ ಹೋಗುವುದಿಲ್ಲ, ಆದ್ದರಿಂದ ವರದಿಗೂ ಬರುವುದಿಲ್ಲ. ಲಿಥಿಯಂ ಮೆಟಾಬೋರೇಟಿನ ಜೊತೆ ಕಾಯಿಸಿ ಕರಗಿಸಿದರೆ ಜಿರ್ಕಾನ್ ಕೂಡ ಬಗ್ಗುತ್ತದೆ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಬೇಕು. ಆ ಪ್ರಯೋಗಾಲಯ ಆ ವಿಧಾನವನ್ನು ಅನುಸರಿಸಿರಲಿಲ್ಲ, ನಾನೂ ಮೊದಲೇ ಕೇಳಿರಲಿಲ್ಲ. ಗ್ರಾನೈಟನ್ನೂ ಶಿಸ್ಟನ್ನೂ ಬೇರ್ಪಡಿಸಲು ನನಗೆ ಬಹು ಮುಖ್ಯವಾಗಿದ್ದ ಧಾತುವೇ ಹೀಗೆ ಕೈತಪ್ಪಿದಾಗ, ಕರಗಿಸುವ ಗೊಡವೆಯೇ ಇಲ್ಲದ ವಿಧಾನವೊಂದನ್ನು ಹುಡುಕಿ ರಿಯಾಕ್ಟರಿನ ಬಾಗಿಲಿಗೆ ಹೋದೆ.

ಈ ವಿಧಾನದ ಮೂಲತತ್ತ್ವವನ್ನು ತಿಳಿದುಕೊಳ್ಳದೆ ಸೇವೆಯನ್ನು ಅಳೆಯಲಾಗದು. ರಿಯಾಕ್ಟರಿನ ಒಳಗೆ ಪ್ರತಿ ಸೆಕೆಂಡಿಗೆ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಹಾಯುವ ನ್ಯೂಟ್ರಾನುಗಳ ಸಂಖ್ಯೆ ಹತ್ತು ಲಕ್ಷ ಕೋಟಿಯ ಮಟ್ಟದಲ್ಲಿರುತ್ತದೆ. ವಿದ್ಯುದಂಶವಿಲ್ಲದ ಕಾರಣ ನ್ಯೂಟ್ರಾನು ತಡೆಯಿಲ್ಲದೆ ಪರಮಾಣುವಿನ ಬೀಜಕೇಂದ್ರವನ್ನು ತಲುಪುತ್ತದೆ. ಕೆಲವು ಬೀಜಕೇಂದ್ರಗಳು ಅದನ್ನು ನುಂಗಿಕೊಂಡು ವಿಕಿರಣಶೀಲವಾಗುತ್ತವೆ. ಸ್ವಾಭಾವಿಕ ಹಾಫ್ನಿಯಂನಲ್ಲಿ ಶೇಕಡಾ 35ರಷ್ಟಿರುವ ಹಾಫ್ನಿಯಂ-180 ಒಂದು ನ್ಯೂಟ್ರಾನನ್ನು ನುಂಗಿ ಹಾಫ್ನಿಯಂ-181 ಆಗುತ್ತದೆ. ಅದರ ಅರ್ಧಾಯು, ಅಂದರೆ ಅದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 42 ದಿನ. ಅದು ಕ್ಷಯಿಸುವಾಗ 482 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ಹೊರಸೂಸುತ್ತದೆ. ಆ ಶಕ್ತಿಯ ಕಿರಣಗಳು ಎಷ್ಟು ಬಂದವು ಎಂದು ಎಣಿಸಿ, ಹಾಫ್ನಿಯಂ ಪ್ರಮಾಣ ಮೊದಲೇ ಗೊತ್ತಿರುವ, ಜೊತೆಯಲ್ಲೇ ಒಡ್ಡಿದ ಪ್ರಮಾಣ ಮಾದರಿಯ ಎಣಿಕೆಯೊಂದಿಗೆ ಹೋಲಿಸಿದರೆ ಉತ್ತರ ಸಿಗುತ್ತದೆ. ಹಾಫ್ನಿಯಂ ಜಿರ್ಕಾನಿನ ಒಳಗಿದೆಯೋ, ಜೇಡಿಯ ಮೇಲೆ ಅಂಟಿದೆಯೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನ್ಯೂಟ್ರಾನು ಕಣದ ಒಳಕ್ಕೆ ಹೋಗುತ್ತದೆ, ಗಾಮಾ ಕಿರಣ ಕಣದಿಂದ ಹೊರಕ್ಕೆ ಬರುತ್ತದೆ, ಖನಿಜದ ರಾಸಾಯನಿಕ ಹಠ ಎರಡನ್ನೂ ತಡೆಯಲಾರದು.

ಇಲ್ಲೊಂದು ಕಾಕತಾಳೀಯ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿತು. 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಡರ್ಕ್ ಕೋಸ್ಟರ್ ಅವರೊಡನೆ ಸೇರಿ ಜಿರ್ಕಾನಿನಲ್ಲೇ ಹಾಫ್ನಿಯಂ ಧಾತುವನ್ನು ಪತ್ತೆ ಹಚ್ಚಿದವರು ಜಾರ್ಜ್ ಹೆವೆಶಿ; ಆ ನಗರದ ಲ್ಯಾಟಿನ್ ಹೆಸರಾದ ಹಾಫ್ನಿಯಾದಿಂದಲೇ ಧಾತುವಿಗೆ ಹೆಸರು ಬಂತು. ಅದೇ ಹೆವೆಶಿ 1936ರಲ್ಲಿ, ಅದೇ ನಗರದಲ್ಲಿ, ಹಿಲ್ಡೆ ಲೆವಿ ಅವರೊಂದಿಗೆ ವಿರಳ ಭಸ್ಮ ಧಾತುಗಳನ್ನು (ರೇರ್ ಅರ್ತ್) ರೇಡಿಯಂ ಮತ್ತು ಬೆರಿಲಿಯಂ ಬೆರೆಸಿದ ಪುಟ್ಟ ನ್ಯೂಟ್ರಾನ್ ಆಕರದ ಬಳಿ ಇಟ್ಟು, ಡಿಸ್‌ಪ್ರೋಸಿಯಂ ಬಹಳ ಪ್ರಬಲವಾಗಿ ವಿಕಿರಣಶೀಲವಾಗುವುದನ್ನು ಕಂಡು, ಇಟ್ರಿಯಂನಲ್ಲಿ ಬೆರೆತಿದ್ದ ಡಿಸ್‌ಪ್ರೋಸಿಯಂ ಪ್ರಮಾಣವನ್ನು ಅಳೆದರು. ನ್ಯೂಟ್ರಾನ್ ಆಕ್ಟಿವೇಶನ್ ವಿಶ್ಲೇಷಣೆಯ ಆರಂಭ ಅದು. ಆಗ ನ್ಯೂಟ್ರಾನು ಪತ್ತೆಯಾಗಿ ನಾಲ್ಕೇ ವರ್ಷಗಳಾಗಿದ್ದವು, ರಿಯಾಕ್ಟರ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ಹಾಫ್ನಿಯಂ ಕಂಡವರೇ ಕಟ್ಟಿದ ವಿಧಾನದಿಂದ ನಮ್ಮ ಕೆರೆ ಮಣ್ಣಿನ ಹಾಫ್ನಿಯಂ ಅಳೆಯಲಾಯಿತೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರಲಿಲ್ಲ.

ಇನ್ನು ಮಾದರಿಯ ತಯಾರಿಕೆಗೆ ಬರುತ್ತೇನೆ. ಈ ಸೇವೆಯಲ್ಲಿ ಗ್ರಾಹಕನ ಪಾಲಿನ ಕೆಲಸ ಬಹಳ ಇದೆ, ಅಲ್ಲಿ ತಪ್ಪಿದರೆ ರಿಯಾಕ್ಟರು ಏನೂ ಮಾಡಲಾರದು. ಬೋಕಿಯ ಹೊರಮೈಯ ಲೇಪವನ್ನೂ ಹೂತಿದ್ದ ಮಣ್ಣಿನ ಪದರವನ್ನೂ ಕೆರೆದು ತೆಗೆಯಬೇಕು. ಕೆಮ್ಮಣ್ಣಿನ ಲೇಪವಿರುವ ಮಡಕೆಗಳಲ್ಲಿ ಲೇಪದ ಮಣ್ಣು ಒಂದು ಊರಿನದು, ಒಡಲಿನ ಮಣ್ಣು ಇನ್ನೊಂದು ಊರಿನದು ಇರಬಹುದು. ಕೆರೆಯಲು ಉಕ್ಕಿನ ಅರ ಬಳಸಿದರೆ ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸುಗಳು ಸೇರಿಕೊಳ್ಳುತ್ತವೆ. ಟಂಗ್‌ಸ್ಟನ್ ಕಾರ್ಬೈಡಿನ ಉಪಕರಣ ಬಳಸಿದರೆ ಟಂಗ್‌ಸ್ಟನ್ನಿನ ಜೊತೆ ಕೋಬಾಲ್ಟ್, ಟ್ಯಾಂಟಲಂಗಳು ಸೇರಿಕೊಳ್ಳುತ್ತವೆ. ನನ್ನ ಮೊದಲ ಕಂತಿನ ಆರು ಮಾದರಿಗಳು ಇದೇ ಕಾರಣಕ್ಕೆ ಹಾಳಾದವು. ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪುಡಿ ಮಾಡಿಸಿದ್ದೆ. ಅಲ್ಲಿನ ಗಿರಣಿಯ ಒಳಮೈ ಟಂಗ್‌ಸ್ಟನ್ ಕಾರ್ಬೈಡಿನದು ಎಂದು ಯಾರೂ ಹೇಳಿರಲಿಲ್ಲ. ಸೇವಾಕೇಂದ್ರದ ವಿಜ್ಞಾನಿ ಮೊದಲ ಎಣಿಕೆಯಲ್ಲೇ, ಗಾಮಾ ಕಿರಣಗಳ ನಕ್ಷೆಯಲ್ಲಿ ಟಂಗ್‌ಸ್ಟನ್-187ರ ದೊಡ್ಡ ಶಿಖರವನ್ನು ಕಂಡು ಫೋನು ಮಾಡಿ, "ಸರ್, ಈ ಆರರಲ್ಲಿ ಕೋಬಾಲ್ಟ್ ಅಂಕಿಯನ್ನು ನಾವು ಕೊಡಬಹುದು, ಆದರೆ ಅದು ನಿಮ್ಮ ಮಡಕೆಯದಲ್ಲ, ಗಿರಣಿಯದು" ಎಂದರು. ಅಂಕಿ ಕೊಟ್ಟು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಎಚ್ಚರಿಸಿದ್ದಕ್ಕೆ ನಾನು ಅವರಿಗೆ ಋಣಿ. ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಕೈಯಿಂದಲೇ ಅರೆದು ಆ ಆರನ್ನೂ ಮತ್ತೆ ಕಳಿಸಿದೆ. ಒಂದು ಮಾದರಿ ನುಣ್ಣಗಾಗಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ತೋಳು ನೋಯುತ್ತದೆ, ಆದರೂ ಅದೇ ಸರಿಯಾದ ದಾರಿ.

ಅರೆದ ಪುಡಿಯಲ್ಲಿ ಬೇಕಾಗುವುದು ಸುಮಾರು 100 ಮಿಲಿಗ್ರಾಂ ಮಾತ್ರ. ಅದನ್ನು ಒಣಗಿಸಿ, ತೂಗಿ, ಶುದ್ಧ ಪಾಲಿಥೀನಿನ ಪುಟ್ಟ ಪೊಟ್ಟಣದಲ್ಲಿ ಹಾಕಿ ಬಿಸಿಯಿಂದ ಬೆಸೆಯಬೇಕು. ದೀರ್ಘ ಕಾಲ ಒಡ್ಡುವ ಪುಡಿಯನ್ನು ಅವರೇ ಶುದ್ಧ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುತ್ತಾರೆ. ಪಾಲಿಥೀನು ಅಷ್ಟು ವಿಕಿರಣಕ್ಕೆ ಪುಡಿಪುಡಿಯಾಗುತ್ತದೆ, ಅಲ್ಯೂಮಿನಿಯಂ ತಾಳಿಕೊಳ್ಳುತ್ತದೆ, ಅದರಲ್ಲಿ ಹುಟ್ಟುವ ಅಲ್ಯೂಮಿನಿಯಂ-28ರ ಅರ್ಧಾಯು ಎರಡೂಕಾಲು ನಿಮಿಷವಾದ್ದರಿಂದ ಎಣಿಕೆಯ ಹೊತ್ತಿಗೆ ಅದು ಇಲ್ಲವಾಗಿರುತ್ತದೆ. ಒಳಪೊಟ್ಟಣದ ಮೇಲೆ ಶಾಯಿಯಿಂದ ಏನನ್ನೂ ಬರೆಯಬಾರದೆಂಬ ಸೂಚನೆ ಮೊದಲು ಅತಿಯೆನಿಸಿತು. ಶಾಯಿಯ ಬಣ್ಣದಲ್ಲೂ ಧಾತುಗಳಿರುತ್ತವೆ, ಅವೂ ವಿಕಿರಣಶೀಲವಾಗುತ್ತವೆ ಎಂದು ತಿಳಿದಾಗ ಸರಿಯೆನಿಸಿತು. ಆದರೆ ಈ ಎಲ್ಲ ಸೂಚನೆಗಳನ್ನು ಒಂದೆಡೆ ಬರೆದಿಟ್ಟಿರಲಿಲ್ಲ. ಅರ್ಧ ಅರ್ಜಿ ನಮೂನೆಯಲ್ಲಿ, ಅರ್ಧ ಇಮೇಲಿನಲ್ಲಿ, ಗಿರಣಿಯ ವಿಷಯವಂತೂ ತಪ್ಪಾದ ಮೇಲೆ ಫೋನಿನಲ್ಲಿ ತಿಳಿಯಿತು. ಎರಡು ಪುಟದ ಒಂದು ಕೈಪಿಡಿ ಇದ್ದಿದ್ದರೆ ನನ್ನ ಆರು ಮಾದರಿಗಳೂ ಅವರ ರಿಯಾಕ್ಟರ್ ಸಮಯವೂ ಉಳಿಯುತ್ತಿದ್ದವು. ಈ ಸೇವೆಯ ದೊಡ್ಡ ಕೊರತೆಗಳಲ್ಲಿ ಇದು ಮೊದಲನೆಯದು.

ಇಲ್ಲಿಯೇ ಈ ವಿಧಾನದ ಒಂದು ಗುಣವನ್ನೂ ಹೇಳಿಬಿಡಬೇಕು. ಕಲಬೆರಕೆಯ ಭಯ ಇರುವುದು ರಿಯಾಕ್ಟರಿಗೆ ಹೋಗುವ ತನಕ ಮಾತ್ರ. ಹೊರಬಂದ ಮೇಲೆ ಪೊಟ್ಟಣದ ಮೇಲೆ ಧೂಳು ಬಿದ್ದರೂ, ಕೈ ಬೆವರು ತಾಗಿದರೂ, ಆ ಧೂಳಾಗಲಿ ಬೆವರಾಗಲಿ ವಿಕಿರಣಶೀಲವಲ್ಲವಾದ್ದರಿಂದ ಎಣಿಕೆಗೆ ಬರುವುದಿಲ್ಲ. ಆಮ್ಲದ ಶುದ್ಧತೆ, ನೀರಿನ ಶುದ್ಧತೆ, ಗಾಜಿನ ಶುದ್ಧತೆಗಳ ಬಗ್ಗೆ ಕರಗಿಸುವ ಪ್ರಯೋಗಾಲಯಗಳಲ್ಲಿ ಪಡುವ ಪಾಡು ಇಲ್ಲಿಲ್ಲ.

ಈಗ ಕಾಯುವಿಕೆಯ ಮಾತು. ನಾನು ಮಾದರಿ ಕೊಟ್ಟ ದಿನದಿಂದ ಪೂರ್ಣ ವರದಿ ಕೈಸೇರಲು ಐದು ತಿಂಗಳಿಗೂ ಮೇಲಾಯಿತು. ಇದರಲ್ಲಿ ಒಂದು ಭಾಗ ವಿಧಾನದ ಸ್ವಭಾವ, ಇನ್ನೊಂದು ಭಾಗ ಸೇವೆಯ ದೋಷ. ಎರಡನ್ನೂ ಬೇರ್ಪಡಿಸಿ ನೋಡಬೇಕು. ಮಣ್ಣಿನಲ್ಲಿ ಸೋಡಿಯಂ ಹೇರಳವಾಗಿರುತ್ತದೆ. ರಿಯಾಕ್ಟರಿನಿಂದ ಹೊರಬಂದ ಪುಡಿಯಲ್ಲಿ ಮೊದಲ ಕೆಲವು ದಿನ ಸೋಡಿಯಂ-24ರದ್ದೇ ಗದ್ದಲ. ಅದರ ಗಾಮಾ ಕಿರಣಗಳ ಹಿನ್ನೆಲೆಯಲ್ಲಿ ಉಳಿದ ಧಾತುಗಳ ಸಣ್ಣ ಶಿಖರಗಳು ಮುಳುಗಿಹೋಗುತ್ತವೆ. ಅದರ ಅರ್ಧಾಯು 15 ಗಂಟೆ. ಒಂದು ವಾರ ಬಿಟ್ಟರೆ ಹನ್ನೊಂದು ಅರ್ಧಾಯುಗಳು ಕಳೆದು ಅದು ಎರಡು ಸಾವಿರ ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಆಗ ಆರ್ಸೆನಿಕ್, ಲ್ಯಾಂಥನಂ, ಸಮೇರಿಯಂ, ಯುರೇನಿಯಂಗಳು ಕಾಣಿಸಿಕೊಳ್ಳುತ್ತವೆ. ಇವುಗಳೂ ಇಳಿದು, ಮೂರು ನಾಲ್ಕು ವಾರ ಕಳೆದ ಮೇಲೆ ಮಾಡುವ ಎಣಿಕೆಯಲ್ಲಿ ದೀರ್ಘಾಯುಗಳ ಸರದಿ: 84 ದಿನದ ಅರ್ಧಾಯುವಿನ ಸ್ಕ್ಯಾಂಡಿಯಂ-46, 28 ದಿನದ ಕ್ರೋಮಿಯಂ-51, 44 ದಿನದ ಕಬ್ಬಿಣ-59, 27 ದಿನದ ಪ್ರೊಟಾಕ್ಟಿನಿಯಂ-233ರ ರೂಪದಲ್ಲಿ ಥೋರಿಯಂ, ಐದೂಕಾಲು ವರ್ಷದ ಕೋಬಾಲ್ಟ್-60, ಮತ್ತು ನನ್ನ ಹಾಫ್ನಿಯಂ. ಇನ್ನೊಂದು ತುದಿಯಲ್ಲಿ ಅಲ್ಯೂಮಿನಿಯಂ, ವೆನೇಡಿಯಂ, ಮ್ಯಾಂಗನೀಸುಗಳಿವೆ. ಅವಕ್ಕಾಗಿ ಬೇರೊಂದು ಪೊಟ್ಟಣವನ್ನು ಗಾಳಿಯ ಒತ್ತಡದ ಕೊಳವೆಯಲ್ಲಿ ರಿಯಾಕ್ಟರಿಗೆ ಹಾರಿಸಿ, ಅಲ್ಪಕಾಲ ಒಡ್ಡಿ, ಹೊರತೆಗೆದು ಕೂಡಲೇ ಎಣಿಸುತ್ತಾರೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ರಿಯಾಕ್ಟರಿನಲ್ಲಿ ಪುರಾತನ ಮಡಕೆಗಳಿಗೆಂದೇ ರೂಢಿಸಿಕೊಂಡಿರುವ ಕ್ರಮವೂ ಇದೇ ಬಗೆಯದು: ಅಲ್ಪಕಾಲದ ಒಡ್ಡಿಕೆ 5 ಸೆಕೆಂಡು, ದೀರ್ಘಕಾಲದ್ದು 24 ಗಂಟೆ, ಆಮೇಲೆ ಒಂದು ವಾರ ಕಳೆದು ಒಮ್ಮೆ, ಇನ್ನೂ ಮೂರು ನಾಲ್ಕು ವಾರ ಕಳೆದು ಮತ್ತೊಮ್ಮೆ ಎಣಿಕೆ. ಹೀಗಾಗಿ ಆರೇಳು ವಾರ ಯಾರಿಗಾದರೂ ಬೇಕೇ ಬೇಕು. ಅವಸರವಿರುವವರು ಈ ಸೇವೆಯ ಬಾಗಿಲು ತಟ್ಟಬಾರದು.

ಉಳಿದ ಮೂರೂವರೆ ತಿಂಗಳಿಗೆ ಈ ಸಮಜಾಯಿಷಿ ಸಲ್ಲದು. ರಿಯಾಕ್ಟರು ನಿರ್ವಹಣೆಗಾಗಿ ನಿಂತಿತ್ತು. ಸಂಶೋಧನಾ ರಿಯಾಕ್ಟರು ನಿಲ್ಲುವುದು ಸಹಜ, ಸುರಕ್ಷತೆಯ ದೃಷ್ಟಿಯಿಂದ ಅಗತ್ಯವೂ ಹೌದು. ಆದರೆ ಅದು ನಿಂತಿದೆ ಎಂಬುದನ್ನು ನಾನು ಮೂರನೆಯ ಇಮೇಲಿಗೆ ಉತ್ತರವಾಗಿ ತಿಳಿದುಕೊಳ್ಳಬೇಕಾಯಿತು. ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಿರುವ ವಿದ್ಯಾರ್ಥಿಗೆ ಇಂಥ ಮೌನ ಎಷ್ಟು ಕಷ್ಟ ಕೊಡಬಹುದೆಂದು ಸೇವಾಕೇಂದ್ರ ಯೋಚಿಸಬೇಕು. ಇಂತಿಂಥ ತಿಂಗಳು ಒಡ್ಡಿಕೆ ಇರುವುದಿಲ್ಲ ಎಂಬ ಒಂದು ಸಾಲನ್ನು ಅರ್ಜಿಯ ಸ್ವೀಕೃತಿಯಲ್ಲೇ ಬರೆದರೆ ಸಾಕು.

ವರದಿಯ ಗುಣಮಟ್ಟದ ಬಗ್ಗೆ ನನಗೆ ಸಮಾಧಾನವಿದೆ, ಅದಕ್ಕೆ ಆಧಾರವೂ ಇದೆ. ಕೊಟ್ಟ 50ರಲ್ಲಿ 34 ಬೋಕಿಗಳು, 12 ಕೆರೆ ಮಣ್ಣು; ಉಳಿದ ನಾಲ್ಕನ್ನು ಪರೀಕ್ಷೆಗೆಂದೇ ಸೇರಿಸಿದ್ದೆ. ಎರಡು, ಪಟ್ಟಿಯಲ್ಲಿ ಆಗಲೇ ಇದ್ದ ಮಾದರಿಗಳೇ, ಬೇರೆ ಸಂಖ್ಯೆಯಲ್ಲಿ. ಇನ್ನೆರಡು, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಾಯಿಲ್-7 ಎಂಬ ಪ್ರಮಾಣ ಮಣ್ಣು, ನಮ್ಮ ಕೆರೆ ಮಣ್ಣಿನಂತೆಯೇ ಸಂಖ್ಯೆ ಹಾಕಿ. ಅವರಿಗೆ ಇದು ತಿಳಿದಿರಲಿಲ್ಲ. ಜೋಡಿ ಮಾದರಿಗಳ ಸ್ಕ್ಯಾಂಡಿಯಂ, ಲ್ಯಾಂಥನಂ, ಕೋಬಾಲ್ಟ್, ಥೋರಿಯಂ ಅಂಕಿಗಳು ಒಂದಕ್ಕೊಂದು ಬಹಳ ಹತ್ತಿರ ಬಂದಿದ್ದವು. ಪ್ರಮಾಣ ಮಣ್ಣಿನ ಅಂಕಿಗಳು ಪ್ರಕಟಿತ ಮಿತಿಯೊಳಗೇ ಇದ್ದವು. ಹಾಫ್ನಿಯಂ ಕೂಡ ಜೋಡಿಗಳಲ್ಲಿ ಹೊಂದಿಕೊಂಡಿತು, ಮತ್ತು ಗ್ರಾನೈಟ್ ಸೀಮೆಯ ಮಣ್ಣುಗಳಲ್ಲಿ ಆಮ್ಲದ ವಿಧಾನ ಕೊಟ್ಟಿದ್ದಕ್ಕಿಂತ ಎರಡು ಪಟ್ಟಿಗೂ ಮೇಲಿತ್ತು. ಶಿಸ್ಟ್ ಸೀಮೆಯ ಮಣ್ಣುಗಳಲ್ಲಿ ಎರಡೂ ವಿಧಾನಗಳ ನಡುವೆ ಅಷ್ಟು ಅಂತರವಿರಲಿಲ್ಲ. ಅಂದರೆ ಹಿಂದಿನ ವರದಿಯ ತಪ್ಪು ಎಲ್ಲ ಮಣ್ಣಿಗೂ ಸಮನಾಗಿ ಹಂಚಿರಲಿಲ್ಲ. ನಾನು ಬೇರ್ಪಡಿಸಬೇಕೆಂದಿದ್ದ ಎರಡು ಗುಂಪುಗಳನ್ನೇ ಅದು ಒಂದರ ಹತ್ತಿರಕ್ಕೆ ಒಂದನ್ನು ಎಳೆದು ತಂದಿತ್ತು. ಆ ಅಂಕಿಗಳನ್ನು ನಂಬಿ ಬರೆದಿದ್ದರೆ ಎಲ್ಲ ಬೋಕಿಗಳೂ ಒಂದೇ ಊರಿನವು ಎಂದು ಬರೆದಿರುತ್ತಿದ್ದೆ. ಈಗ ಅವು ಎರಡು ಗುಂಪಾಗಿ ಬಿಡಿಸಿಕೊಂಡಿವೆ.

ಎಣಿಕೆಯ ಉಪಕರಣದ ಸೂಕ್ಷ್ಮತೆಯನ್ನೂ ನೋಡಿದೆ. ದ್ರವ ಸಾರಜನಕದಿಂದ ತಂಪಾಗಿಸಿದ ಶುದ್ಧ ಜರ್ಮೇನಿಯಂ ಹರಳಿನ ಡಿಟೆಕ್ಟರು ಅದು, ಮೈನಸ್ 196 ಡಿಗ್ರಿಯ ಸಾರಜನಕ. ಆರ್ಸೆನಿಕ್ಕಿನ ಶಿಖರ 559 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಅದರ ಎಡಕ್ಕೆ ಬ್ರೋಮೀನಿನದು 554ರಲ್ಲಿ, ಬಲಕ್ಕೆ ಆಂಟಿಮನಿಯದು 564ರಲ್ಲಿ. ಕೇಳಿದಾಗ ಅವರು ಕಳಿಸಿದ ರೋಹಿತದ ಚಿತ್ರದಲ್ಲಿ ಮೂರೂ ಪ್ರತ್ಯೇಕವಾಗಿ ನಿಂತಿದ್ದವು. ಹುಟ್ಟಿ ಚಿನ್ನದ ಗಣಿಯ ಸುತ್ತಿನ ರಾಯಚೂರು, ಯಾದಗಿರಿ ಸೀಮೆಗಳಲ್ಲಿ ಆರ್ಸೆನಿಕ್ಕಿನ ಅಧ್ಯಯನ ಮಾಡುವವರು ಮಣ್ಣು ಮತ್ತು ಬಂಡೆಗಳಿಗೆ ಈ ವಿಧಾನವನ್ನು ಧೈರ್ಯವಾಗಿ ನೆಚ್ಚಬಹುದು. ಬಾವಿ ನೀರಿಗೆ ಮಾತ್ರ ಬೇಡ. ದ್ರವವನ್ನು ರಿಯಾಕ್ಟರಿನಲ್ಲಿ ದೀರ್ಘ ಕಾಲ ಇಟ್ಟರೆ ವಿಕಿರಣದಿಂದ ನೀರು ಒಡೆದು ಅನಿಲವಾಗಿ ಒತ್ತಡ ಏರುತ್ತದೆ. ನೀರಿಗೆ ಐಸಿಪಿ-ಎಂಎಸ್ ತಕ್ಕುದು, ಅಲ್ಲಿ ಕರಗಿಸುವ ಸಮಸ್ಯೆಯೂ ಇಲ್ಲ.

ವರದಿಯಲ್ಲಿ ಎರಡು ದೋಷಗಳಿದ್ದವು. ಪ್ರತಿ ಅಂಕಿಯ ಪಕ್ಕದಲ್ಲಿ ಕೊಟ್ಟಿದ್ದ ಅನಿಶ್ಚಿತತೆ ಕೇವಲ ಎಣಿಕೆಯದು, ಅಂದರೆ ಇಷ್ಟು ಕಿರಣ ಎಣಿಸಿದಾಗ ಇಷ್ಟು ಏರಿಳಿತ ಸಹಜ ಎಂಬ ಲೆಕ್ಕ ಮಾತ್ರ. ತೂಕ, ಪ್ರಮಾಣ ಮಾದರಿ, ಡಿಟೆಕ್ಟರಿನಿಂದ ಪೊಟ್ಟಣಕ್ಕಿರುವ ದೂರ, ನ್ಯೂಟ್ರಾನ್ ಪ್ರವಾಹ ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಬದಲಾಗುವುದು ಇವೆಲ್ಲ ಸೇರಿದ ಒಟ್ಟು ಅನಿಶ್ಚಿತತೆ ಅದಲ್ಲ. ಈ ವಿಧಾನದ ನಿಜವಾದ ಬಲವೇ ಅಂಥ ಪೂರ್ಣ ಲೆಕ್ಕ ಕೊಡಬಲ್ಲದು ಎಂಬುದು. ಅಮೆರಿಕದ ಮಾನಕ ಸಂಸ್ಥೆ ತನ್ನ ಪ್ರಮಾಣ ಮಾದರಿಗಳಿಗೆ ಮೌಲ್ಯ ನಿಗದಿ ಮಾಡಲು ಇದನ್ನು ಬಳಸುವುದೂ ಅದಕ್ಕೇ. ಆ ಬಲವನ್ನು ವರದಿಯಲ್ಲಿ ತೋರಿಸದಿರುವುದು ನಷ್ಟ. ಎರಡನೆಯದಾಗಿ, ಕೆಲವು ಕಡೆ 'ಪತ್ತೆಯಾಗಿಲ್ಲ' ಎಂದಷ್ಟೇ ಬರೆದು ಪತ್ತೆಯ ಕನಿಷ್ಠ ಮಿತಿಯನ್ನು ಬಿಟ್ಟಿದ್ದರು. ಕೇಳಿದ ಮೇಲೆ ಎರಡನ್ನೂ ಪ್ರತ್ಯೇಕ ಪಟ್ಟಿಯಾಗಿ ಕಳಿಸಿದರು. ಯುರೇನಿಯಂ ಹೆಚ್ಚಿರುವ ಮಣ್ಣುಗಳ ಬಗ್ಗೆಯೂ ವಿಚಾರಿಸಿದೆ, ಏಕೆಂದರೆ ರಿಯಾಕ್ಟರಿನಲ್ಲಿ ಯುರೇನಿಯಂ-235 ವಿದಳನವಾದಾಗ, ಅಂದರೆ ಒಡೆದು ಹೋಳಾದಾಗ, ಲ್ಯಾಂಥನಂ ಮತ್ತು ಸೀರಿಯಂಗಳ ಅದೇ ಐಸೊಟೋಪುಗಳು ಹುಟ್ಟಿ ಮಣ್ಣಿನದೇ ಎಂಬಂತೆ ಲೆಕ್ಕಕ್ಕೆ ಸೇರುತ್ತವೆ. ಆ ಪಾಲನ್ನು ಅವರು ಮೊದಲೇ ಕಳೆದಿದ್ದರು; ವರದಿಯಲ್ಲಿ ಹೇಳಿರಲಿಲ್ಲ ಅಷ್ಟೇ. ಕೆಲಸ ಸರಿಯಾಗಿ ನಡೆದಿದ್ದೂ ಬರವಣಿಗೆ ಅದನ್ನು ಮುಚ್ಚಿಟ್ಟಿತ್ತು.

ಈ ಸೇವೆಯಿಂದ ಏನು ಸಿಗದು ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದಿರಬೇಕು. ಜನ ಹೆಚ್ಚಾಗಿ ಆತಂಕಪಡುವ ಸೀಸವನ್ನು ಇದು ಅಳೆಯಲಾರದು: ಸೀಸದ ಬೀಜಕೇಂದ್ರ ನ್ಯೂಟ್ರಾನನ್ನು ನುಂಗುವುದೇ ಅಪರೂಪ, ನುಂಗಿ ಹುಟ್ಟುವ ಸೀಸ-209 ಗಾಮಾ ಕಿರಣವನ್ನೇ ಸೂಸುವುದಿಲ್ಲ. ಅರಿಶಿನದ ಪುಡಿಯಲ್ಲೋ ಬಣ್ಣದಲ್ಲೋ ಸೀಸ ಹುಡುಕುವವರು ಬೇರೆ ಕಡೆ ಹೋಗಬೇಕು. ರಂಜಕ, ಗಂಧಕಗಳಿಗೂ ಇದು ಸಲ್ಲದು. ಜಿರ್ಕೋನಿಯಂ ಅಂಕಿ ಬರುತ್ತದಾದರೂ ಯುರೇನಿಯಂ ವಿದಳನದಿಂದ ಅದೂ ಕಲಬೆರಕೆಯಾಗುವುದರಿಂದ ಹಾಫ್ನಿಯಂನಷ್ಟು ನಂಬಲರ್ಹವಲ್ಲ. ಇನ್ನು 'ಮಾದರಿಯನ್ನು ಕೆಡಿಸದ ವಿಧಾನ' ಎಂಬ ವರ್ಣನೆ ಪುಸ್ತಕಗಳಲ್ಲಿ ಕಾಣುತ್ತದೆ. ರಾಸಾಯನಿಕವಾಗಿ ಅದು ನಿಜ. ಆದರೆ ವಸ್ತುಸಂಗ್ರಹಾಲಯದವರು ಹಾಗೆಂದು ನಂಬಿ ಅಪರೂಪದ ವಸ್ತುವನ್ನು ಕೊಡಬಾರದು: ಚೂರನ್ನು ಒಡೆದು ಪುಡಿ ಮಾಡಿಯೇ ಕಳಿಸಬೇಕು, ಮತ್ತು ಒಮ್ಮೆ ಒಡ್ಡಿದ ಪುಡಿ ತಿಂಗಳುಗಟ್ಟಲೆ, ಕೋಬಾಲ್ಟ್-60 ಮತ್ತು ಯುರೋಪಿಯಂ-152ರ ಕಾರಣದಿಂದ ವರ್ಷಗಟ್ಟಲೆ, ಮನೆಗೆ ಮರಳುವಂಥದಲ್ಲ. ಪುಡಿಯನ್ನು ಅವರೇ ವಿಲೇವಾರಿ ಮಾಡಲು ಒಪ್ಪಿ ಸಹಿ ಹಾಕಿದೆ. ಬಹುಪಾಲು ಎಲ್ಲರೂ ಹಾಗೆಯೇ ಮಾಡಬೇಕಾಗುತ್ತದೆ.

ಇನ್ನೊಂದು ಮಿತಿಯನ್ನು ನನಗೆ ಕಲಿಸಿದವರು ವಿಜ್ಞಾನಿಗಳಲ್ಲ. ಕೆರೆ ಮಣ್ಣು ತರಲು ಹೋದಾಗ ಹಿರಿಯ ಕುಂಬಾರರೊಬ್ಬರು ನನ್ನ ಚೀಲ ನೋಡಿ, "ಸ್ವಾಮಿ, ಬರೀ ಕೆರೆ ಮಣ್ಣಲ್ಲಿ ಮಾಡಿದ್ರೆ ಮಡಕೆ ಸೀಳ್ತದೆ. ಹಳ್ಳದ ಮರಳು ಬೆರಸ್ಬೇಕು, ಒಂದೊಂದು ಊರಲ್ಲಿ ಎರಡು ಕೆರೆ ಮಣ್ಣೂ ಕಲಸ್ತಾರೆ" ಎಂದರು. ನ್ಯೂಟ್ರಾನು ಮಡಕೆಯ ಒಡಲನ್ನು ಇಡಿಯಾಗಿ ನೋಡುತ್ತದೆ, ಜೇಡಿಯನ್ನೂ ಮರಳನ್ನೂ ಬೇರೆ ಮಾಡಿ ನೋಡದು. ಬೆರೆಸಿದ ಮರಳಿನಲ್ಲಿ ಬೆಣಚು ಹೆಚ್ಚಿದ್ದರೆ ಬಹುತೇಕ ಲೇಶಧಾತುಗಳ ಅಂಕಿ ಇಳಿಯುತ್ತದೆ; ಅದೇ ಮರಳಿನಲ್ಲಿ ಜಿರ್ಕಾನ್ ಇದ್ದರೆ ಹಾಫ್ನಿಯಂ ಮಾತ್ರ ಏರುತ್ತದೆ. ಆದ್ದರಿಂದ ಹಾಫ್ನಿಯಂ ಒಂದನ್ನೇ ನೆಚ್ಚದೆ ಸ್ಕ್ಯಾಂಡಿಯಂ, ಥೋರಿಯಂ, ಕ್ರೋಮಿಯಂಗಳ ಅನುಪಾತಗಳನ್ನು ಹಿಡಿದೆ, ಹತ್ತು ಬೋಕಿಗಳಿಂದ ಬೆಳಕು ಹಾಯುವಷ್ಟು ತೆಳ್ಳಗಿನ ತೆಳುಪದರ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ಮರಳಿನ ಕಣಗಳನ್ನೂ ನೋಡಿದೆ. ರಿಯಾಕ್ಟರ್ ವರದಿಯನ್ನು ತೆಳುಪದರವಿಲ್ಲದೆ ಓದಬಾರದೆಂದು ನನ್ನ ಖಚಿತ ಅಭಿಪ್ರಾಯ. ಎರಡು ಗುಂಪುಗಳಲ್ಲಿ ಚಿಕ್ಕದಾದ, ಕ್ರೋಮಿಯಂ ಹೆಚ್ಚಿರುವ ಒಂಬತ್ತು ಬೋಕಿಗಳಲ್ಲಿ ನಾಲ್ಕನ್ನು ಹೀಗೆ ನೋಡಿದಾಗ ಹಸಿರು ಶಿಸ್ಟಿನ ಕಣಗಳು ಕಂಡವು. ಅಂಕಿಯೂ ಕಣವೂ ಒಂದೇ ದಿಕ್ಕಿಗೆ ಕೈತೋರಿದ ಮೇಲಷ್ಟೇ ಅವು ಪಶ್ಚಿಮದಿಂದ ಬಂದವೆಂದು ಬರೆಯಲು ಮನಸ್ಸು ಒಪ್ಪಿತು.

ಶುಲ್ಕ ಮಾದರಿಯೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿದೆ. ಶಿಕ್ಷಣ ಸಂಸ್ಥೆಯ ಮೂಲಕ ಹೋದ ನನಗೆ ಅದು ಹೊರೆಯಾಗಲಿಲ್ಲ. ಈ ಸೇವೆಯಲ್ಲಿ ತೆರಬೇಕಾದ ದೊಡ್ಡ ಬೆಲೆ ಹಣವಲ್ಲ, ಸಮಯ. ದೇಶದಲ್ಲಿ ಈ ಕೆಲಸಕ್ಕೆ ಒದಗುವ ರಿಯಾಕ್ಟರುಗಳೇ ಬೆರಳೆಣಿಕೆಯಷ್ಟು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಶುರುವಾಗಿದ್ದ ಹಳೆಯ ಅಪ್ಸರಾದ ಜಾಗದಲ್ಲಿ 2018ರಲ್ಲಿ ಬಂದ 2 ಮೆಗಾವ್ಯಾಟಿನ ಅಪ್ಸರಾ-ಯು, 1985ರಿಂದ ನಡೆಯುತ್ತಿರುವ 100 ಮೆಗಾವ್ಯಾಟಿನ ಧ್ರುವ, ಕಲ್ಪಾಕ್ಕಮ್ಮಿನಲ್ಲಿ ಯುರೇನಿಯಂ-233 ಇಂಧನದಿಂದ ನಡೆಯುವ 30 ಕಿಲೋವ್ಯಾಟಿನ ಪುಟ್ಟ ಕಾಮಿನಿ, ಮುಖ್ಯವಾಗಿ ಇವುಗಳ ಮೇಲೆಯೇ ಐಸೊಟೋಪ್ ತಯಾರಿಕೆ, ನ್ಯೂಟ್ರಾನ್ ಚಿತ್ರಣ, ಭೌತವಿಜ್ಞಾನದ ಪ್ರಯೋಗ ಎಲ್ಲವೂ ನಿಂತಿರುವಾಗ, ಹಾಳೂರ ಬೋಕಿಗಳಿಗೆ ಸರದಿ ಸಿಗುವುದೇ ದೊಡ್ಡದು ಎಂಬುದನ್ನು ನಾನು ಬಲ್ಲೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳು ಬಿಡಿಬಿಡಿಯಾಗಿ ಅರ್ಜಿ ಹಾಕದೆ ಒಟ್ಟಾಗಿ ವರ್ಷಕ್ಕೊಂದು ಕಂತು ಕಳಿಸಿದರೆ ಸರದಿಯ ಕಷ್ಟ ಇಬ್ಬರಿಗೂ ತಗ್ಗೀತು. ಈ ಮಾತನ್ನು ಸೇವಾಕೇಂದ್ರದವರಿಗೂ ಬರೆದು ತಿಳಿಸಿದ್ದೇನೆ.

ಮಣ್ಣು, ಬಂಡೆ, ಮಡಕೆ, ಬೂದಿಯಂಥ ಕರಗದ ವಸ್ತುಗಳಲ್ಲಿ ಹಾಫ್ನಿಯಂ, ಸ್ಕ್ಯಾಂಡಿಯಂ, ಥೋರಿಯಂ, ಕ್ರೋಮಿಯಂ, ವಿರಳ ಭಸ್ಮ ಧಾತುಗಳು ಬೇಕಾದವರು, ಅರ್ಧ ವರ್ಷ ಕಾಯಬಲ್ಲವರಾದರೆ, ಹಿಂಜರಿಯದೆ ಈ ಸೇವೆಯನ್ನು ಬಳಸಲಿ. ಅಗೇಟ್ ಕುಟ್ಟಾಣಿಯಲ್ಲೇ ಅರೆಯಲಿ, ಹತ್ತಕ್ಕೊಂದರಂತೆ ಗುಟ್ಟಾಗಿ ಪರೀಕ್ಷಾ ಮಾದರಿ ಸೇರಿಸಲಿ, ರಿಯಾಕ್ಟರು ಯಾವಾಗ ನಿಲ್ಲುತ್ತದೆಂದು ಅರ್ಜಿಯ ದಿನವೇ ಕೇಳಲಿ, ಒಟ್ಟು ಅನಿಶ್ಚಿತತೆಯ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಹೊಸದುರ್ಗದ ಕಡೆಯ ಹದಿನೆಂಟು ಕೆರೆಗಳ ಮಣ್ಣನ್ನು ಈ ಬೇಸಿಗೆಯಲ್ಲಿ ನೀರು ಇಳಿದಾಗ ಸಂಗ್ರಹಿಸಿ, ಅರೆದು, ಹೋದ ವಾರ ಅದೇ ಸೇವಾಕೇಂದ್ರಕ್ಕೆ ಕಳಿಸಿದ್ದೇನೆ. ಆ ಒಂಬತ್ತು ಬೋಕಿಗಳ ಮಣ್ಣು ಅವುಗಳಲ್ಲಿ ಯಾವ ಕೆರೆಯದೆಂದು ಗುರುತಿಸಲು ಸಾಧ್ಯವೇ ಎಂಬುದು ಈಗಿನ ಪ್ರಶ್ನೆ.